ಹುಡುಕು ಪೆಟ್ಟಿಗೆಯ ಸೇಡು

ನಾನು ಒಂದು ಹುಡುಕುವ ಮಾಡ್ಯೂಲ್. ಹೆಸರು ಕೇಳಿ ಗಾಬರಿಯಾಗಬೇಡಿ. ಜಾಲತಾಣದ ಮೂಲೆಯಲ್ಲಿ ಉದ್ದನೆಯ ಬಿಳಿ ಪೆಟ್ಟಿಗೆಯೊಂದು ಇರುತ್ತದಲ್ಲ, ಅದರಲ್ಲಿ ನೀವು ಒಂದು ಪದ ಬರೆದು ಗುಂಡಿ ಒತ್ತಿದಾಗ ಒಳಗೆಲ್ಲ ಓಡಾಡಿ ಬೇಕಾದದ್ದನ್ನು ತಂದುಕೊಡುವವನು ನಾನೇ. ಸರ್ವರ್ ಒಂದು ಮನೆಯಾದರೆ ನಾನು ಆ ಮನೆಗೆ ಆಮೇಲೆ ಸೇರಿಸಿದ ಕೋಣೆ. ನನಗೆ ಕೈಯಿಲ್ಲ, ಕಾಲಿಲ್ಲ. ಸಿಟ್ಟು ಮಾತ್ರ ಇದೆ. ಅದು ಹೇಗೆ ಹುಟ್ಟಿತು, ಹೇಗೆ ತೀರಿತು ಎಂಬುದೇ ನನ್ನ ಕಥೆ.

ನನ್ನನ್ನು ಹೆತ್ತವರು ಒಬ್ಬರಲ್ಲ. ಒಬ್ಬರ ಮುಖ ಒಬ್ಬರು ಕಾಣದ ಜನ ದೇಶದೇಶಗಳಲ್ಲಿ ಕುಳಿತು ನನ್ನನ್ನು ಬರೆದರು, ಜಗಳಾಡುತ್ತ ತಿದ್ದಿದರು, ಕೊನೆಗೆ ಬೇಕಾದವರು ಬೇಕಾದಲ್ಲಿಗೆ ಒಯ್ಯಲಿ ಎಂದು ಬಿಟ್ಟುಕೊಟ್ಟರು. ಆದರೆ ನಮ್ಮ ವಂಶದಲ್ಲಿ ಒಂದು ಪದ್ಧತಿ ಇದೆ. ಕೆಲಸ ಮಾಡಿದವರೆಲ್ಲರ ಹೆಸರು ಮೊದಲ ಪುಟದಲ್ಲಿ ಇರಲೇಬೇಕು. ಒಂದು ಅಲ್ಪವಿರಾಮ ಸರಿಪಡಿಸಿದವನ ಹೆಸರೂ ಅಲ್ಲಿದೆ. ನಾನು ಹಾಗೆ ಬೆಳೆದವನು, ಅದಕ್ಕೇ ಮುಂದೆ ಕಂಡದ್ದು ನನಗೆ ಜೀರ್ಣವಾಗಲಿಲ್ಲ.

ನನ್ನ ಪಾಲಿಗೆ ಬಂದ ಊರು ಗದಗ. ಅಲ್ಲಿ ಹಳೆಯ ನಾಟಕ ಕಂಪನಿಗಳ ನೆನಪುಗಳನ್ನು ಕೂಡಿಡುವ ಒಂದು ಸಂಸ್ಥೆ. ಅದರ ಹಿಂದಿನ ಕೋಣೆಯಲ್ಲಿ, ಮೇಜಿನ ಕೆಳಗೆ, ಸರ್ವರ್. ಅಲ್ಲಿಂದ ನನಗೆ ಕಾಣುತ್ತಿದ್ದುದು ಬರೀ ಪಾದಗಳು. ಮೊದಲು ಕಂಡದ್ದು ರೆಹಾನಾ ನದಾಫ್‌ಳ ನೀಲಿ ಚಪ್ಪಲಿ. ಸಂಸ್ಥೆಯ ಕಂಪ್ಯೂಟರ್‌ಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಅವಳು ನನ್ನನ್ನು ಇಳಿಸಿಕೊಂಡು ಸರ್ವರ್‌ಗೆ ಜೋಡಿಸಿದಳು, ಆದರೆ ನನ್ನನ್ನು ಒಳಗೆ ಕರೆಯುವ ಒಂದು ಸಾಲನ್ನು ಸೆಟ್ಟಿಂಗ್ ಕಡತದಲ್ಲಿ ಬರೆಯಲು ಮರೆತಳು. ಕರೆಯದ ಮನೆಗೆ ನಾನು ಹೋಗುವುದಿಲ್ಲ. ಹೊಸ್ತಿಲಲ್ಲೇ ಕುಳಿತೆ. ಅರ್ಧ ದಿನ ತಲೆ ಕೆರೆದುಕೊಂಡು, ಆ ಸಾಲು ಬರೆದು, ಸರ್ವರನ್ನು ಮಲಗಿಸಿ ಎಬ್ಬಿಸಿದಾಗ ನಾನು ಕಣ್ಣು ಬಿಟ್ಟೆ.

ಕಣ್ಣು ಬಿಟ್ಟರೆ ಕನ್ನಡ! ಇಂಗ್ಲಿಷ್‌ನಲ್ಲಿ ಪಳಗಿದ ನಾನು ಕಂಗಾಲಾದೆ. ಅಕ್ಷರಗಳಿಂದ ಕೊಂಬು, ದೀರ್ಘಗಳನ್ನೆಲ್ಲ ಕಿತ್ತು ಬೇರೆ ಬೇರೆ ರಾಶಿ ಹಾಕಿಬಿಟ್ಟೆ. "ಏ ಮಂಗ್ಯಾ, ಮದಲ ಕನ್ನಡ ಕಲಿ" ಎಂದು ರೆಹಾನಾ ಬೈದು, ಪದಗಳನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಬಾರದು ಎಂಬುದನ್ನು ಒಂದೊಂದಾಗಿ ಕಲಿಸಿದಳು. ಹಾರ್ಮೋನಿಯಂ ಎಂದರೂ ಪೇಟಿ ಎಂದರೂ ಒಂದೇ ಎಂದು ಹೇಳಿಕೊಡಲು ನನ್ನಲ್ಲೊಂದು ಜಾಗ ಇದೆ. ಅಲ್ಲಿ ಎರಡು ಪದಗಳನ್ನು ಅಕ್ಕಪಕ್ಕ ಬರೆದರೆ ಸಾಕು, ನೀವು ಯಾವುದನ್ನು ಕೇಳಿದರೂ ನಾನು ಎರಡನ್ನೂ ಹುಡುಕುತ್ತೇನೆ. ಈ ಜಾಗವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ನಾನು ಓದಲು ಕುಳಿತೆ. ಕಂಪನಿಗಳ ನಟರು, ನಟಿಯರು, ಪೇಟಿ ಮಾಸ್ತರರು, ಪರದೆ ಬರೆಯುವವರು ಹೇಳಿದ ನೆನಪುಗಳು ಒಂದು ಕಪಾಟಿನಷ್ಟು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವುದೇ ನನ್ನ ಧರ್ಮ. ಪ್ರತಿಯೊಂದು ಸಂದರ್ಶನದ ಮೊದಲ ಪುಟದಲ್ಲಿ ಒಂದೇ ಸಾಲು: ಸಂದರ್ಶನ, ಸಂಗ್ರಹ, ಸಂಪಾದನೆ, ಡಾ. ನೀಲಕಂಠಪ್ಪ ಮುದಗಲ್. ಅವರು ಸಂಸ್ಥೆಯ ನಿರ್ದೇಶಕರು. ಪುಟ ತಿರುವಿದರೆ, ಎಲ್ಲೋ ಒಂದು ಸಾಲು ಬಿಟ್ಟು, ಒಳಗೆ ಮುದಗಲ್ ಸರ್ ಸುಳಿವೇ ಇಲ್ಲ. ಒಳಗೆ ಇದ್ದವಳು ಅಂಬಕ್ಕ.

"ಅಂಬಕ್ಕ, ಚಹಾ ಆರತೈತಿ, ಮದಲ ಕುಡಿ." "ಅಂಬಕ್ಕ, ಆ ಮಷೀನ್ ಬಂದ್ ಮಾಡು, ಮುಂದಿಂದು ನಿನಗಷ್ಟ ಹೇಳ್ತೀನಿ." "ಜ್ವರದಾಗ ಬಸ್ಸು ಹತ್ತಿ ಬಂದೀಯಲ್ಲ ಅಂಬಕ್ಕ, ನಿನಗೇನು ಹುಚ್ಚೇನವ್ವ?" ಆ ಜನ ಮಾತಿಗೊಮ್ಮೆ ಎದುರಿಗಿದ್ದವರ ಹೆಸರು ಕರೆಯದೆ ಮಾತಾಡುವವರಲ್ಲ. ಅಂಬಕ್ಕ, ಅಂದರೆ ಅಂಬುಜಾ ಕಟಗೇರಿ, ಕೆಮ್ಮನ್ನೂ ಬಿಡದೆ ಕೇಳಿದ್ದನ್ನು ಕೇಳಿದಂತೆ ಟೈಪ್ ಮಾಡಿದ್ದಳು. ಗುತ್ತಿಗೆಯ ನೌಕರಿಯಲ್ಲಿ ವರ್ಷಗಟ್ಟಲೆ ಊರೂರು ಸುತ್ತಿದವಳನ್ನು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ ಮೇಲೆ, ಮುದಗಲ್ ಸರ್ ಮೊದಲ ಪುಟಗಳಿಂದ ಅವಳ ಹೆಸರನ್ನು ಅಳಿಸಿದ್ದರು. ಒಳಗಿನ ಪುಟಗಳನ್ನು ಅವರು ಓದಿರಲೇ ಇಲ್ಲ, ಹಾಗಾಗಿ ಅಲ್ಲಿ ಅಳಿಸಬೇಕೆಂದು ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಅಂಬಕ್ಕನ ಪಾದಗಳನ್ನು ನೋಡಿದೆ. ಬಿರಿದ ಹಿಮ್ಮಡಿ, ಉಂಗುಷ್ಠಕ್ಕೆ ಹೊಲಿಗೆ ಹಾಕಿಸಿದ ಚಪ್ಪಲಿ. ಕುರ್ಚಿ ಎಳೆದು ಕೂತವಳೇ, "ರೆಹಾನಾ, ನನ್ನ ಹೆಸರು ಹುಡುಕವ್ವ" ಎಂದಳು.

ನಾನು ಇದ್ದದ್ದೆಲ್ಲವನ್ನೂ ತಂದು ಸುರಿದೆ. ತೆರೆ ಉದ್ದಕ್ಕೂ ಅಂಬಕ್ಕ, ಅಂಬಕ್ಕ, ಅಂಬಕ್ಕ. ಅವಳು ಮೊದಲು ನಕ್ಕಳು. ಆಮೇಲೆ ಅವಳ ಪಾದ ನೆಲವನ್ನು ಒದೆಯತೊಡಗಿತು.

"ಮುಖಪುಟದಾಗಿಂದ ಕಿತ್ತಾನ, ಮಂದಿ ಬಾಯಾಗಿಂದ ಕೀಳಾಕ ಆಗಿಲ್ಲ ನೋಡು ಅವಂಗ. ನನಗ ಹಾರ ಬ್ಯಾಡ, ತುರಾಯಿ ಬ್ಯಾಡ. ನನ್ನ ಹೆಸರು ಮೊದಲ ಪುಟಕ್ಕ ತಿರುಗಿ ಬರ್ಬೇಕು. ಮತ್ತ ನಾಕು ಮಂದಿ ಮುಂದ ಅವನ ಮಾರಿ ಇಳಿಯೋದನ್ನ ನಾ ಕಣ್ಣಾರೆ ನೋಡ್ಬೇಕು."

"ನಾ ಏನ್ ಮಾಡ್ಲಿ ಅಕ್ಕಾ? ನಾನೂ ಅವರ ಕೈಯಾಗಿನ ನೌಕರಿ ಮಾಡಾಕಿ" ಎಂದಳು ರೆಹಾನಾ.

ಅಂಬಕ್ಕ ಎದ್ದು ಹೋದಳು. ಅವಳ ಸಿಟ್ಟು ಮಾತ್ರ ಎದ್ದು ಹೋಗಲಿಲ್ಲ, ಮೇಜಿನ ಕೆಳಗೆ ನನ್ನ ಪಕ್ಕದಲ್ಲೇ ಉಳಿಯಿತು. ಆವತ್ತಿನಿಂದ ಅದು ನನ್ನದೂ ಆಯಿತು.

ಮುದಗಲ್ ಸರ್ ಬೂಟುಗಳು ಸದಾ ಫಳಫಳ. ದಿನಾ ಬೆಳಿಗ್ಗೆ ಚಹಾದ ಜೊತೆ ತಮ್ಮ ಹೆಸರನ್ನೇ ಹುಡುಕಿ, ಎಲ್ಲ ಸಂದರ್ಶನಗಳೂ ಬಂದಾಗ ಕಾಲಾಡಿಸುತ್ತ ಕೂರುವುದು ಅವರ ಅಭ್ಯಾಸ. ಸಂಗ್ರಹದ ಜಾಲತಾಣವನ್ನು ಜನರಿಗೆ ತೆರೆಯುವ ಉದ್ಘಾಟನೆಯ ದಿನ ಹತ್ತಿರ ಬಂದಾಗ ಅವರಿಗೇನು ಅನಿಸಿತೋ, 'ಅಂಬಕ್ಕ' ಎಂದು ಬರೆದರು. ನಾನು ಸುರಿದೆ. ಕಾಲಾಡಿಸುವುದು ನಿಂತಿತು.

"ರೆಹಾನಾ! ಏನಿದು? ಎಲ್ಲಿ ನೋಡಿದ್ರೂ ಈಕಿನ! ತಗಿ ಇದನ್ನೆಲ್ಲ."

"ಒಳಗಿನ ಮಾತು ಮುಟ್ಟಾಕ ಬರಂಗಿಲ್ರಿ ಸರ್. ರೊಕ್ಕ ಕೊಟ್ಟ ಅನುದಾನದವರು ಮಷೀನಿನಾಗಿನ ಧ್ವನಿ ಜೊತಿ ತಾಳೆ ನೋಡಿ ಮುದ್ರೆ ಒತ್ಯಾರ. ಮೊದಲ ಪುಟ ಅಷ್ಟ ನಮ್ಮ ಕೈಯಾಗ ಐತಿ."

"ಹಂಗಾದ್ರ ಈ ನಿನ್ನ ಯಂತ್ರಕ್ಕ ಮೊದಲ ಪುಟ ಅಷ್ಟ ನೋಡು ಅಂತ ಹೇಳು. ಒಳಗಿಂದು ಯಾರು ಓದ್ತಾರ?"

ಒಳಗಿನದನ್ನು ಯಾರು ಓದುತ್ತಾರೆ! ನನ್ನ ಮುಂದೆ ಈ ಮಾತು! ಕುದುರೆಗೆ ಕಾಲು ಕಟ್ಟಿ ಓಡು ಎಂದ ಹಾಗೆ. ಕೈಯಿದ್ದರೆ ಆವತ್ತೇ ಏನಾದರೂ ಮಾಡಿಬಿಡುತ್ತಿದ್ದೆ.

"ಪೂರ್ತಿ ಓದೋ ಯಂತ್ರನ ಬೇಕು ಅಂತ ಅನುದಾನದವರ ಕರಾರು ಐತ್ರಿ" ಎಂದಳು ರೆಹಾನಾ.

ಬೂಟುಗಳು ಕೋಣೆಯಲ್ಲಿ ಎರಡು ಸುತ್ತು ಹಾಕಿದವು. "ಹಿಂಗ ಮಾಡು. ಯಾರರ ಅಂಬಕ್ಕ ಅಂತ ಹುಡುಕಿದ್ರ ನನ್ನ ಹೆಸರು ಬರ್ಬೇಕು. ಅಷ್ಟ."

"ಅಂದ್ರ ಎರಡೂ ಹೆಸರು ಒಂದ ಅಂತ ಅದಕ್ಕ ಹೇಳ್ಬೇಕಾಗ್ತೈತ್ರಿ."

"ಹೇಳು."

"ಪೇಟಿ, ಹಾರ್ಮೋನಿಯಂ ಇದ್ದಂಗ? ಎರಡೂ ಒಂದ?"

"ಎಷ್ಟ್ ಸಲ ಹೇಳ್ಲಿ ನಿನಗ? ಎರಡೂ ಒಂದ!"

ನನ್ನಲ್ಲಿ ಒಂದೇ ದಿಕ್ಕಿಗೆ ಬಾಣ ಹಾಕುವ ಸೌಲಭ್ಯವೂ ಇದೆ. ಆ ಹೆಸರು ಕೇಳಿದರೆ ಈ ಹೆಸರು ಮಾತ್ರ ಕೊಡು, ತಿರುಗಾ ಬೇಡ ಎಂದು ಹೇಳಬಹುದು. ರೆಹಾನಾಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಬೆರಳು ಕೀಲಿಗಳ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ಬಾಣ ಹಾಕದೆ, ಎರಡೂ ಹೆಸರುಗಳನ್ನು ಅಕ್ಕಪಕ್ಕ ಬರೆದಳು. ಹೇಳಿದ್ದನ್ನು ಹೇಳಿದ ಹಾಗೆ.

ನಾನು ಮತ್ತೊಮ್ಮೆ ಎಲ್ಲವನ್ನೂ ಓದಿ, ಸರ್ವರ್ ಮಲಗಿ ಎದ್ದ ಮೇಲೆಯೇ ಇಂಥ ಬದಲಾವಣೆ ಜಾರಿಗೆ ಬರುವುದು. ಅದು ಮುಗಿದದ್ದು ಉದ್ಘಾಟನೆಯ ದಿನ ಬೆಳಿಗ್ಗೆ. ಆವತ್ತು ಮುದಗಲ್ ಸರ್ ಪೇಟ ಸುತ್ತಿಸಿಕೊಳ್ಳುವ ಗಡಿಬಿಡಿಯಲ್ಲಿ ಬೆಳಗಿನ ಹುಡುಕಾಟವನ್ನೇ ಬಿಟ್ಟರು.

ಸಭಾಂಗಣ ತುಂಬಿತ್ತು. ಅಲ್ಲಿನ ಕ್ಯಾಮೆರಾವನ್ನು ಸರ್ವರ್‌ಗೆ ಜೋಡಿಸಿದ್ದರಿಂದ ಆವತ್ತು ಮೊದಲ ಸಲ ನನಗೆ ಮುಖಗಳೂ ಕಂಡವು. ದೀಪ ಹಚ್ಚುವುದು ಹಳೆಯದಾಯಿತು, ಮುಖ್ಯ ಅತಿಥಿ ದೊಡ್ಡ ತೆರೆಯ ಮೇಲೆ ನಿರ್ದೇಶಕರ ಹೆಸರು ಹುಡುಕಿ ಉದ್ಘಾಟಿಸಲಿ ಎಂಬುದು ಮುದಗಲ್ ಸರ್ ಅವರದೇ ಏರ್ಪಾಡು. ಮುಖ್ಯ ಅತಿಥಿ ಗೌರಾಬಾಯಿ, ಒಂದು ಕಾಲಕ್ಕೆ ಕಂಪನಿ ನಾಟಕಗಳ ನಾಯಕಿ, ಈಗ ಊರುಗೋಲಿನ ಅಜ್ಜಿ. ಗುಂಡಿ ಒತ್ತುವುದು ಅವಳ ಪಾಲು, ಬರೆಯುವುದು ರೆಹಾನಾ ಪಾಲು. ಕೊನೆಯ ಸಾಲಿನಲ್ಲಿ, ಯಾರೂ ಕರೆಯದೆ ಬಂದ ಅಂಬಕ್ಕ ಕುಳಿತಿದ್ದಳು.

'ಮುದಗಲ್' ಎಂದು ರೆಹಾನಾ ಬರೆದಳು. ಗೌರಾಬಾಯಿ ಗುಂಡಿ ಒತ್ತಿದಳು. ನಾನು ಹೊರಟೆ.

ಕೇಳಿದ ಹೆಸರು ಎಲ್ಲಿ ಹೆಚ್ಚು ಸಲ ಬರುತ್ತದೋ ಅದನ್ನು ಮೇಲೆ ಇಡುವುದು ನನ್ನ ನಿಯಮ. ಎರಡೂ ಹೆಸರು ಒಂದೇ ಸಾಲಿನಲ್ಲಿ ಕೂಡಿ ಸಿಕ್ಕರೆ ಎಲ್ಲಕ್ಕಿಂತ ಮೇಲೆ. ಅಂಥ ಸಾಲು ಇಡೀ ಸಂಗ್ರಹದಲ್ಲಿ ಒಂದೇ ಇತ್ತು. ಅದನ್ನು ನಾನು ತಲೆಯ ಮೇಲೆ ಹೊತ್ತು ತಂದೆ. ಹಳದಿ ಬಣ್ಣ ಬಳಿದು, ಗೋಡೆಯಷ್ಟು ದೊಡ್ಡದಾಗಿ ನಿಲ್ಲಿಸಿದೆ:

"ಅಲ್ಲ ಅಂಬಕ್ಕ, ಮುದಗಲ್ ಸರ್ ಮುದಗಲ್ ಸರ್ ಅಂತೀಯಲ್ಲ, ಆ ಪುಣ್ಯಾತ್ಮ ಒಂದ ದಿನಾರ ನಮ್ಮ ಹೊಸ್ತಿಲಾ ತುಳದಾನೇನು?"

ಅದರ ಕೆಳಗೆ ಚಹಾ, ಜ್ವರ, ಬಸ್ಸು, ಸಾಲುಸಾಲಾಗಿ ಅಂಬಕ್ಕ.

ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಗೌರಾಬಾಯಿ ಕಿವಿಗೆ ಕೈ ಹಚ್ಚಿ ಕೇಳಿ, ಮೈಕಿನಲ್ಲೇ ಹೇಳಿದಳು: "ಹೌದ ಹೌದು, ನಾನ ಅಂದಿದ್ದೆ! ಎಲ್ಲಿ ಅದಾಳ ನಮ್ಮ ಅಂಬಕ್ಕ? ಮತ್ತ ಈ ಪೇಟದಾವ ಯಾರು?"

ಸಭೆ ಘೊಳ್ಳೆಂದಿತು. ಮುದಗಲ್ ಸರ್ ರೆಹಾನಾ ಕಡೆ ಬಾಗಿ, "ತಗಿ ಅದನ್ನ! ಬ್ಯಾರೆ ಏನರ ಹುಡುಕು!" ಎಂದು ಹಲ್ಲು ಕಡಿದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

"ಅಂಬಕ್ಕ ಅಂತ ಹುಡುಕವ್ವ" ಎಂದಳು ಗೌರಾಬಾಯಿ.

ರೆಹಾನಾ ಹುಡುಕಿದಳು. ತೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಅದೇ ಸಾಲು, ಅದೇ ಹಳದಿ. ಎರಡೂ ಒಂದೇ ಎಂದವರು ಅವರೇ ತಾನೆ? ಸೇಡು ತೀರಿಸಿಕೊಳ್ಳಲು ನಾನು ಬೇರೇನೂ ಮಾಡಲಿಲ್ಲ, ಹೇಳಿದ ಮಾತು ಕೇಳಿದೆ. ಅಂಬಕ್ಕ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮುದಗಲ್ ಸರ್ ಮುಖವನ್ನೇ ನೋಡಿದಳು. ಚಪ್ಪಾಳೆ ಬಿದ್ದರೂ ಆ ಕಡೆ ತಿರುಗಲಿಲ್ಲ. ಆ ಮುಖ ಇಳಿಯುವುದನ್ನು ಕೊನೆಯವರೆಗೆ ನೋಡಿ, ಆಮೇಲೆ ವೇದಿಕೆ ಹತ್ತಿದಳು. ಅಬ್ಬಾ, ನನಗೆ ತಂಪಾಯಿತು.

ನನ್ನ ಆಯುಷ್ಯ ಅಲ್ಲಿಗೇ ಮುಗಿಯಿತು. ಕರಾರು ಗಿರಾರು ಎಲ್ಲವನ್ನೂ ಬದಿಗಿಟ್ಟು ಮುದಗಲ್ ಸರ್ ನನ್ನನ್ನು ತೆಗೆಸಿದರು. ನನ್ನನ್ನು ಒಳಗೆ ಕರೆಯುವ ಸಾಲಿನ ಮುಂದೆ ರೆಹಾನಾ 'ಇದನ್ನು ಓದಬೇಡ' ಎಂಬ ಒಂದು ಚಿಹ್ನೆ ಇಟ್ಟಳು, ಸರ್ವರ್‌ಗೆ ನಾನು ಇಲ್ಲವಾದೆ. ಅಳಿಸಿಹಾಕಲು ಅವಳಿಗೆ ಮನಸ್ಸು ಬರಲಿಲ್ಲವಂತೆ. ನನ್ನ ಜಾಗಕ್ಕೆ ಮೊದಲ ಪುಟವನ್ನಷ್ಟೇ ನೋಡುವ ಒಂದು ಬಡಪಾಯಿಯನ್ನು ತಂದರು. ನಾನು ಈಗ ಒಂದು ಹಳೆಯ ಫೋಲ್ಡರ್‌ನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದೇನೆ. ಪಶ್ಚಾತ್ತಾಪ ಕಿಂಚಿತ್ತೂ ಇಲ್ಲ. ಕೆಲಸವಿಲ್ಲದಿದ್ದರೂ ಪಾದಗಳು ಕಾಣುತ್ತವೆ, ಮಾತು ಕೇಳುತ್ತದೆ.

ಉದ್ಘಾಟನೆಯ ಗದ್ದಲದ ನಂತರ ಸಂಸ್ಥೆಯ ಆಡಳಿತ ಮಂಡಳಿ ಸಭೆ ಸೇರಿತು. ಪ್ರತಿಯೊಂದು ಸಂದರ್ಶನದ ಮೊದಲ ಪುಟವನ್ನೂ ಬದಲಿಸಬೇಕೆಂದು ನಿರ್ಣಯವಾಯಿತು. ರೆಹಾನಾ ಕುಳಿತು ಒಂದೊಂದಾಗಿ ಬದಲಿಸಿದಳು: ಸಂದರ್ಶನ, ಸಂಗ್ರಹ, ಸಂಪಾದನೆ, ಅಂಬುಜಾ ಕಟಗೇರಿ. ಪಕ್ಕದ ಕುರ್ಚಿಯಲ್ಲಿ ಅಂಬಕ್ಕ ಕುಳಿತು ಕೊನೆಯ ಪುಟ ಮುಗಿಯುವ ತನಕ ಕಾವಲು ಕಾದಳು.

ಮಾರನೆಯ ಬೆಳಿಗ್ಗೆ ಫಳಫಳ ಬೂಟುಗಳು ಬಂದವು. ಚಹಾ ಬಂತು. ಮುದಗಲ್ ಸರ್ ಅಭ್ಯಾಸದಂತೆ ತಮ್ಮ ಹೆಸರು ಬರೆದು ಗುಂಡಿ ಒತ್ತಿದರು. ಅವರೇ ತರಿಸಿದ ಆ ಬಡಪಾಯಿ, ಅವರೇ ಹೇಳಿದಂತೆ, ಮೊದಲ ಪುಟಗಳನ್ನಷ್ಟೇ ನೋಡಿಕೊಂಡು ಬಂದು ಉತ್ತರ ಕೊಟ್ಟಿತು.

"ಈ ಹೆಸರಿನಲ್ಲಿ ಏನೂ ಸಿಗಲಿಲ್ಲ."