ಕತ್ತಿಯ ಕಲೆ

ಎಲೆ ಉದುರುವ ಕಾಲ. ಪಾರ್ಸಿಪನಿಯ ಬಾಡಿಗೆ ಮನೆಯ ಹಿಂದೆ ನಿಂಗಮ್ಮ ಮೇಪಲ್ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕುತ್ತಿದ್ದಳು. ಎಲೆ ಊದುವ ಯಂತ್ರದವರು ವಾರಕ್ಕೊಮ್ಮೆ ಬರುತ್ತಾರೆಂದು ಸೊಸೆ ಎಷ್ಟು ಹೇಳಿದರೂ ಕೇಳುವವಳಲ್ಲ. ಮನೆ ಹಿತ್ತಿಲಲ್ಲಿ ಕಸ ಬಿಟ್ಟುಕೊಂಡು ಒಳಗೆ ಟೀವಿ ಮುಂದೆ ಕೂರುವುದು ಅವಳ ಕೈಯಲ್ಲಾಗದು. ಅರ್ಪಿತಾ ಆಫೀಸಿನಿಂದ ಬಂದು ಕಾರು ನಿಲ್ಲಿಸಿದಾಗ ಅತ್ತೆಯ ಸೆರಗಿಗೆ ಕೆಂಪು ಎಲೆಗಳು ಅಂಟಿದ್ದವು.

"ಇಷ್ಟೆಲೆ ನಮ್ ತಿಪ್ಪೆಗ್ ಬಿದ್ದಿದ್ರೆ ಬಂಗಾರದಂತ ಗೊಬ್ರ ಆಗೋದು. ಇಲ್ಲಿ ಚೀಲಕ್ ತುಂಬಿ ಎಸೀತರೆ," ಎಂದಳು ನಿಂಗಮ್ಮ. "ಕೈಕಾಲ್ ತೊಳ್ಕಂಡು ಬಾ ಮಗ. ಪೂಜೆ ನೋಡೀವಂತೆ."

ಅಂದು ಆಯುಧ ಪೂಜೆ. ಕಾರಿನ ಪೂಜೆ ಬೆಳಿಗ್ಗೆಯೇ ಆಗಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿಕೊಂಡೇ ಅರ್ಪಿತಾ ಕೆಲಸಕ್ಕೆ ಹೋಗಿದ್ದಳು. ಹಾಲ್‌ನಲ್ಲಿ ಮಣೆಯ ಮೇಲೆ ಗಂಡನ ಲ್ಯಾಪ್‌ಟಾಪ್, ಮಿಕ್ಸಿ, ಈಳಿಗೆಮಣೆಗಳಿಗೆ ವಿಭೂತಿ ಬಳಿದು ಸೇವಂತಿಗೆ ಏರಿಸಿತ್ತು. ಅವುಗಳ ನಡುವೆ ಒರೆಯಿಂದ ಹಿರಿದ ಜಪಾನಿ ಕತ್ತಿ ಗೋಡೆಗೆ ಒರಗಿತ್ತು. ಅಲಗಿನ ಮೇಲೆ ವಿಭೂತಿಯ ಮೂರು ಗೆರೆ, ಕುಂಕುಮ. ತುದಿಗೆ ಚುಚ್ಚಿದ ನಿಂಬೆಹಣ್ಣಿನಿಂದ ರಸ ಇಳಿದು ಅಲಗಿನ ಉದ್ದಕ್ಕೂ ಒಣಗಿತ್ತು.

ಅರ್ಪಿತಾ ಕೈಚೀಲವನ್ನು ಕೆಳಗಿಡಲಿಲ್ಲ.

"ಇದನ್ನ ಯಾರು ತೆಗೆದಿದ್ದು?"

"ನಾನೇ ಕಣೇ ಇಳಿಸ್ಕೊಟ್ಟೆ," ಎಂದ ಗಂಡ ಬಸವಕಿರಣ್, ಒಳಗಿನಿಂದ ಬಂದು. ಅವಳ ವೀಸಾದ ಬೆನ್ನಿಗೆ ಬಂದ ಅವನಿಗೆ ಇಲ್ಲಿ ದುಡಿಯುವ ಹಕ್ಕಿರಲಿಲ್ಲ. ಮನೆ, ಅಡುಗೆ, ತಾಯಿಯ ಮಾತ್ರೆ ನೋಡಿಕೊಂಡಿದ್ದ. "ಅಮ್ಮ ಬರೀ ಕುಂಕುಮ ಇಡ್ತಾಳೆ ಅಂದ್ಕೊಂಡೆ."

"ಕತ್ತಿ ಮೊನೆ ಬರೀದಾಗ್ ಇರಬಾರ್ದು ಕನವ್ವ, ಅದ್ಕೆ ನಿಂಬೆಹಣ್ ಚುಚ್ಚಿವ್ನಿ," ಎಂದಳು ನಿಂಗಮ್ಮ. "ದೊಡ್ಡೋರ್ ಮನೆ ಕತ್ತಿ. ಈಳಿಗೆಮಣೆಗೆ ಹೂವಿಟ್ಟು ಅದ್ಕೆ ಇಡ್ದೆ ಇರಕಾಯ್ತದಾ?"

ಅರ್ಪಿತಾ ಹಣ್ಣು ಕಿತ್ತು ಒರೆಸಿದಳು. ಕುಂಕುಮ ಹೋಯಿತು, ವಿಭೂತಿ ಹೋಯಿತು. ಕನ್ನಡಿಯಂತಿದ್ದ ಉಕ್ಕಿನ ಮೇಲೆ ಗೇಣುದ್ದದ ಕಂದು ಕಲೆ ಮಾತ್ರ ಉಳಿಯಿತು. ಅವಳು ಅಲಗಿಗೆ ಹಚ್ಚುವ ಲವಂಗದೆಣ್ಣೆಯ ಸೀಸೆ ಹುಡುಕಲು ಮಲಗುವ ಕೋಣೆಗೆ ಹೋದಳು. ಹಿಂತಿರುಗುವಷ್ಟರಲ್ಲಿ ಅತ್ತೆ ಕತ್ತಿಯನ್ನು ಅಡುಗೆಮನೆಯ ಸಿಂಕಿಗೆ ಅಡ್ಡ ಇಟ್ಟುಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ಹಿತ್ತಾಳೆ ಬಿಂದಿಗೆ ತಿಕ್ಕಿದ ಹಾಗೆ.

"ವಸಿ ತಡಿ, ಹೊಯ್ತದೆ," ಎಂದಳು.

ಹೋಗಲಿಲ್ಲ. ಕಲೆಯ ಸುತ್ತ ಪಾತ್ರೆ ತಿಕ್ಕುವ ನಾರಿನ ಗೀರುಗಳೂ ಸೇರಿಕೊಂಡವು.

ಕತ್ತಿ ಸೂರ್ಯನಾರಾಯಣ ಅವರದು. ಅರ್ಪಿತಾ ಕೆಲಸ ಮಾಡುವ ಸಣ್ಣ ಕನ್ಸಲ್ಟೆನ್ಸಿಯ ಮಾಲೀಕರು. ಪ್ರತಿ ಶನಿವಾರ ಕಂಪನಿಯವರನ್ನು ಬಾಡಿಗೆಯ ಜಿಮ್ಮೊಂದಕ್ಕೆ ಕರೆದೊಯ್ದು ಬಿದಿರು ಕತ್ತಿಯ ವರಸೆ ಕಲಿಸುತ್ತಿದ್ದರು. "ಇದು ಜಗಳ ಅಲ್ಲ, ಕಲೆ," ಎನ್ನುತ್ತಿದ್ದರು. ಅರ್ಪಿತಾ ಮೊದಮೊದಲು ಒಲ್ಲದ ಮನಸ್ಸಿನಿಂದ ಹೋದವಳು ಆಮೇಲೆ ಶನಿವಾರಕ್ಕಾಗಿ ಕಾಯತೊಡಗಿದಳು. ವಾರವಿಡೀ ಕುರ್ಚಿಯಲ್ಲಿ ಮಡಿಸಿಟ್ಟ ಮೈ ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಗಂಟಲು ತೆರೆದು ಕೂಗಿ ಹೊಡೆದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರಜೆಗೆ ಮೈಸೂರಿಗೆ ಹೊರಡುವ ಮುನ್ನ ಅವರು, ತಾವು ಹಿಂದೆ ಹರಾಜಿನಲ್ಲಿ ಕೊಂಡಿದ್ದ ಆ ನಿಜವಾದ ಕತ್ತಿಯನ್ನು ಅವಳಿಗೇ ಒಪ್ಪಿಸಿದ್ದರು. "ವಾರಕ್ಕೊಂದ್ಸಲ ಎಣ್ಣೆ ಹಚ್ಚು. ಇನ್ಯಾರ ಕೈಗೂ ಕೊಡಲ್ಲ ನಾನು. ನಿನ್ನ ಕೈ ನಡುಗಲ್ಲ." ಆ ಮಾತಿಗೆ ಅವಳು ಹಿಗ್ಗಿದ್ದಳು.

ಕತ್ತಿಯ ಜೊತೆಗೆ ಅವರು ತಲೆಯಲ್ಲಿ ಹೊತ್ತು ತಂದಿದ್ದ ಮನುಷ್ಯನೇ ಅವಳಿಗೆ ಆಗದವನು. ಜಪಾನಿನ ಲೇಖಕ. ಕಾದಂಬರಿ ಬರೆದವನು, ಕತ್ತಿವರಸೆ ಕಲಿತವನು, ಚಕ್ರವರ್ತಿಯ ಹೆಸರಿನಲ್ಲಿ ಹುಡುಗರ ಪಡೆ ಕಟ್ಟಿದವನು. ಐವತ್ತು ವರ್ಷಗಳ ಹಿಂದಿನ ಒಂದು ನವೆಂಬರಿನಲ್ಲಿ ಸೇನೆಯ ಕಚೇರಿಗೆ ನುಗ್ಗಿ, ಮಹಡಿಯ ಮೇಲೆ ನಿಂತು, ಎದ್ದೇಳಿ ಎಂದು ಸೈನಿಕರಿಗೆ ಕೂಗಿದ್ದ. ಕೆಳಗಿದ್ದವರು ಗೇಲಿ ಮಾಡಿದರು. ಅವನು ಒಳಗೆ ಹೋಗಿ ತನ್ನ ಪ್ರಾಣಕ್ಕೆ ತಾನೇ ಕೈಹಾಕಿದ. ಅವರ ಹಳೆಯ ಪದ್ಧತಿಯಂತೆ, ಹಿಂದೆ ನಿಂತ ಶಿಷ್ಯ ಗುರುವಿನ ಕೊರಳಿಗೆ ಕತ್ತಿ ಎತ್ತಬೇಕಾಯಿತು. ಅವನನ್ನು ವೀರ ಎನ್ನುವವರಿದ್ದರು, ಹುಚ್ಚ ಎನ್ನುವವರಿದ್ದರು. ಕತ್ತಿ ಹಿಡಿಯಲು ಅವನಿಗೆ ನಿಜಕ್ಕೂ ಬರುತ್ತಿತ್ತೇ ಎಂದು ಜಗಳವಾಡುವವರೂ ಇದ್ದರು.

ಸೂರ್ಯನಾರಾಯಣ ಅವರಿಗೆ ಸಂಶಯವಿರಲಿಲ್ಲ. ಪ್ರತಿ ನವೆಂಬರ್ ಇಪ್ಪತ್ತೈದಕ್ಕೆ ಎಡಿಸನ್ನಿನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಗೆಳೆಯರನ್ನು ಸೇರಿಸಿ, ಆ ಭಾಷಣವನ್ನು ನಮ್ಮ ದೇಶಕ್ಕೆ ಹೊಂದಿಸಿಕೊಂಡು ಕನ್ನಡದಲ್ಲಿ ಮಾಡುತ್ತಿದ್ದರು. ಯಾರನ್ನು ದೇಶ ಬಿಟ್ಟು ಓಡಿಸಬೇಕು ಎಂಬಲ್ಲಿಗೆ ಮಾತು ಮುಟ್ಟಿದಾಗ ಚಪ್ಪಾಳೆ ಜೋರಾಗುತ್ತಿತ್ತು. ತಟ್ಟುವವರಲ್ಲಿ ಅರ್ಧ ಜನ ಈ ದೇಶದಲ್ಲಿ ಉಳಿಯಲು ಅರ್ಜಿ ಹಾಕಿ ಕಾಯುತ್ತಿದ್ದವರು. ಕೊನೆಗೆ ಅವರು ಮಂಡಿಯೂರಿ ಕೂರುತ್ತಿದ್ದರು. ಹಿಂದೆ ಕತ್ತಿ ಎತ್ತಿ ಒಬ್ಬರು ನಿಲ್ಲಬೇಕು. ಎರಡು ವರ್ಷ ಮುಕುಂದ್ ನಿಂತಿದ್ದ. ಅವನ ಗ್ರೀನ್ ಕಾರ್ಡ್ ಆಯಿತು, ಟೆಕ್ಸಸ್‌ಗೆ ಹೊರಟುಹೋದ. "ಈ ಸಲ ನೀನು," ಎಂದಿದ್ದರು ಅರ್ಪಿತಾಳಿಗೆ. ಅವಳ ಅರ್ಜಿ ಇನ್ನೂ ಅವರ ಸಹಿಗೆ ಕಾಯುತ್ತಿತ್ತು.

ನಿಲ್ಲುವುದಿಲ್ಲ ಎಂದು ಅವಳು ತೀರ್ಮಾನಿಸಿಯಾಗಿತ್ತು. ಅವರು ಊರಿನಿಂದ ಬಂದ ದಿನವೇ ಕತ್ತಿ ಹಿಂದಿರುಗಿಸಿ, ಆ ಮಾತನ್ನೂ ಹೇಳಿ ಮುಗಿಸುವುದು. ಸಹಿ ಹಾಕದಿದ್ದರೆ ಬೇರೆ ಕಂಪನಿ ನೋಡುವುದು.

ಅವರು ಊರಿನಿಂದ ಮರಳಿದ ಭಾನುವಾರ ಎಡಿಸನ್ನಿಗೆ ಹೊರಟಾಗ ನಿಂಗಮ್ಮನೂ ಕಾರು ಹತ್ತಿದಳು. ಮಡಿಲಲ್ಲಿ ಸ್ಟೀಲಿನ ತಟ್ಟೆ; ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮೇಲೊಂದು ನಿಂಬೆಹಣ್ಣು.

"ಅತ್ತೆ, ಮತ್ತೆ ನಿಂಬೆಹಣ್ಣಾ?"

"ದೊಡ್ಡೋರ ಮುಂದಕ್ಕೆ ಬರಿಗೈಲಿ ಹೋದಾರಾ? ತಪ್ ನಂದು. ಕಾಯ್ಬೇಕು ಅಂತೀನಿ."

ಹೆದ್ದಾರಿಯುದ್ದಕ್ಕೂ ಅರ್ಪಿತಾ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದಳು. ಸರ್, ಪ್ರಾಕ್ಟೀಸಿಗೆ ಬರ್ತೀನಿ, ಇಪ್ಪತ್ತೈದಕ್ಕೆ ಮಾತ್ರ ನಾನು ನಿಲ್ಲಲ್ಲ.

ಬೇಸ್‌ಮೆಂಟಿನ ಚಾಪೆಯ ಮೇಲೆ ಸೂರ್ಯನಾರಾಯಣ ಒರೆ ಬಿಚ್ಚಿದರು. ದೀಪದ ಕೆಳಗೆ ಅಲಗನ್ನು ತಿರುಗಿಸಿ ನೋಡಿದರು. ಕಲೆಯ ಹತ್ತಿರ ಬೆರಳು ತಂದರು, ಮುಟ್ಟಲಿಲ್ಲ. ಒಂದು ಹೆಣದ ಮುಖ ನೋಡುವಷ್ಟು ಹೊತ್ತು ನೋಡಿದರು.

"ನಿಂಬೆಹಣ್ಣಾ?" ಎಂದರು.

"ಹೂಂ ಸರ್. ಆಯುಧ ಪೂಜೆಗೆ…"

"ನಂದೇ ಬುದ್ಧೀ ತಪ್ಪು," ಎಂದಳು ನಿಂಗಮ್ಮ.

"ಬಿಡಿ ಅಮ್ಮ, ನಮ್ಮಜ್ಜಿ ಇದ್ದಿದ್ರೂ ಇದನ್ನೇ ಮಾಡ್ತಿದ್ಲು."

ಬೈದಿದ್ದರೆ ಅರ್ಪಿತಾಳಿಗೆ ಸುಲಭವಾಗುತ್ತಿತ್ತು.

"ಸರ್, ಪಾಲಿಶ್ ಮಾಡಿಸೋ ಖರ್ಚು ನಾನು ಕೊಡ್ತೀನಿ. ಸಂಬಳದಲ್ಲಿ ಹಿಡ್ಕೊಳ್ಳಿ."

"ಛೆ, ದುಡ್ಡಿನ ಮಾತು ಬೇಡ ಅರ್ಪಿತಾ. ನಮ್ಮ ನಮ್ಮಲ್ಲಿ ಸಾಲ ಏನು? ಆ ಋಣ ಇರ್ಲಿ ಬಿಡು." ಅವರು ಮುಗುಳ್ನಕ್ಕರು. "ಇಪ್ಪತ್ತೈದಕ್ಕೆ ನೆನಪಿದೆಯಲ್ಲ?"

ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ವಾಕ್ಯ ಗಂಟಲವರೆಗೆ ಬಂತು. ಅಲಗಿನ ಕಲೆ ಅವಳ ಕಣ್ಣೆದುರಿಗೇ ಇತ್ತು.

"ಇದೆ ಸರ್," ಎಂದಳು.

ನಿಂಗಮ್ಮ ಗೋಡೆಯ ಮೇಲಿನ ಫೋಟೋ ನೋಡುತ್ತ ನಿಂತಿದ್ದಳು. ಹಣೆಗೆ ಪಟ್ಟಿ ಕಟ್ಟಿದ ಗಂಡಸು, ಅವನ ಬೆನ್ನ ಹಿಂದೆ ಸಮವಸ್ತ್ರ ತೊಟ್ಟ ಒಬ್ಬ ಹುಡುಗ.

"ಈ ಹಿಂದ್ ನಿಂತಿರೋ ಹೈದ ಯಾರು ಬುದ್ಧೀ?"

"ಶಿಷ್ಯ ಅಮ್ಮ. ಗುರುವಿನ ಮೇಲೆ ಕತ್ತಿ ಎತ್ತಿದೋನು. ಅವತ್ತು ಅಲ್ಲೇ ಅವನೂ ಸತ್ತ. ಅಂಥ ಭಕ್ತಿ ಈಗ ಎಲ್ಲಿ?"

"ಅಯ್ಯೋ ಸಿವ್ನೇ. ಒಲ್ಲೆ ಅನ್ನಕ್ ಆಗ್ನಿಲ್ವಾ ಅವನ್ಗೆ?"

ಸೂರ್ಯನಾರಾಯಣ ಗಟ್ಟಿಯಾಗಿ ನಕ್ಕರು. "ನಿಮ್ಮತ್ತೆ ಒಳ್ಳೇ ಮಾತಾಡ್ತಾರೆ ಕಣಮ್ಮ." ಅರ್ಪಿತಾ ನಗಲಿಲ್ಲ. ಬಸವಕಿರಣ್ ಆ ಹೊತ್ತಿಗೆ ರೊಟ್ಟಿಗೆ ಹಿಟ್ಟು ಕಲಸುತ್ತಿರುತ್ತಾನೆ ಎಂದು ಯಾಕೋ ನೆನಪಾಯಿತು.

ನಿಂಗಮ್ಮ ತಟ್ಟೆ ಚಾಚಿದಳು. "ತಪ್ಪಾಯ್ತು ಬುದ್ಧೀ. ತಕಬೇಕು."

"ಒಂದ್ನಿಮಿಷ ಅಮ್ಮ. ಅರ್ಪಿತಾ, ಹೇಗಿದ್ರೂ ಬಂದಿದೀಯ, ಒಂದ್ಸಲ ನಿಂತು ನೋಡ್ಬಿಡು. ಅಳತೆ ಗೊತ್ತಾಗ್ಲಿ."

ಅವರು ಕನ್ನಡಕ ತೆಗೆದಿಟ್ಟು, ಮಂಡಿನೋವಿಗೆ ಮುಲುಗುತ್ತ ಚಾಪೆಯ ಮೇಲೆ ಕುಳಿತು ಕತ್ತು ಬಗ್ಗಿಸಿದರು. ನರೆತ ಕೂದಲಿನ ಕೆಳಗೆ ಪೌಡರ್ ಹಚ್ಚಿದ ಬಿಳಿಯ ಕತ್ತು. ಅರ್ಪಿತಾ ಕತ್ತಿ ಹಿಡಿದು ಹಿಂದೆ ಹೋಗಿ ನಿಂತಳು. ಕಾಲು ತಾನಾಗಿ ಸರಿಯಾದ ಜಾಗ ಹಿಡಿಯಿತು, ಕೈ ನಡುಗಲಿಲ್ಲ.

"ಇನ್ನೂ ಮೇಲೆ," ಎಂದರು ಅವರು, ತಲೆ ಎತ್ತದೆ.

ಅವಳು ಎತ್ತಿದಳು. ಲವಂಗದ ವಾಸನೆಯ ನಡುವೆ ಹುಣಸೆಯ ಹುಳಿ ಸಣ್ಣಗೆ ಮೂಗಿಗೆ ಬಡಿಯಿತು. ಅವರು ಕುಳಿತಲ್ಲೇ ಭಾಷಣ ಶುರುಮಾಡಿದರು. ಮೆಟ್ಟಿಲ ಬುಡದಲ್ಲಿ ನಿಂಗಮ್ಮ ತಟ್ಟೆಯನ್ನು ಚಾಚಿಕೊಂಡೇ ನಿಂತಿದ್ದಳು. ತೋಳು ಸೋತಾಗ ಇನ್ನೊಂದು ಕೈಯನ್ನು ಆನಿಸಿಕೊಂಡಳು. ತಟ್ಟೆ ಸ್ವಲ್ಪ ವಾಲಿತು. ನಿಂಬೆಹಣ್ಣು ಅಂಚಿನವರೆಗೆ ಉರುಳಿ ಅಲ್ಲೇ ನಿಂತಿತು.