ಚೇಳಿನ ಮನೆಯವಳು

ಅವಳ ತಮ್ಮ ಬರುತ್ತಾನೆಂದು ಗಂಡ ಬೆಳಗ್ಗೆ ಹೇಳಿದಾಗ ಅವಳು ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದಳು. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ತಮ್ಮನ ಸುದ್ದಿ ಎತ್ತಿದವರಿಲ್ಲ. ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದವನೇ ಈ ಗಂಡ. ಈಗ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಹಾಲಿನವನು ಬರುತ್ತಾನೆ ಎಂಬಷ್ಟು ಸಲೀಸಾಗಿ, "ಹನ್ನೊಂದಕ್ಕೆ ಬರ್ತಾನಂತೆ ಕಣೆ," ಅನ್ನುತ್ತಾನೆ!

"ನಂಗೆ ತಮ್ಮ ಇಲ್ಲ. ಸತ್ತೋದ."

"ಹಂಗೆಲ್ಲ ಅನ್ಬಾರ್ದು."

"ಅನ್ನು ಅಂತ ಕಲಿಸ್ದೋರು ನೀವೇ ಅಲ್ವೇನ್ರೀ?"

ಅವನು ಮತ್ತೆ ಟವೆಲಿನಲ್ಲಿ ಮುಖ ಮರೆಸಿಕೊಂಡ. ಸುಮ್ಮನಾಗುವುದರಲ್ಲಿ ಅವನದು ಎತ್ತಿದ ಕೈ.

ಮನೆಯಲ್ಲಿ ಇಷ್ಟು ಸಾಧು ಆದವನು ಹತ್ತೊಂಬತ್ತು ವರ್ಷ ಕುಸ್ತಿ ಕಂಪನಿಯ ಖಳನಾಗಿದ್ದ ಎಂದರೆ ಇವತ್ತು ಯಾರೂ ನಂಬಲಿಕ್ಕಿಲ್ಲ. ರಿಂಗಿನಲ್ಲಿ ಅವನ ಹೆಸರು ಚೇಳು. ಬೋಳಿಸಿದ ತಲೆ, ಕಪ್ಪು ಚಡ್ಡಿ, ಬೆನ್ನ ಮೇಲೆ ಬಣ್ಣದಲ್ಲಿ ಬರೆದ ಕೊಂಡಿ. ಕೆಲಸ ಏನಪ್ಪಾ ಅಂದರೆ ಮೋಸ ಮಾಡುವುದು, ರೆಫರಿ ಆ ಕಡೆ ತಿರುಗಿದಾಗ ಎದುರಾಳಿಯ ಕಣ್ಣಿಗೆ ಪುಡಿ ಎರಚುವುದು, ಜನರಿಂದ ಬೈಸಿಕೊಳ್ಳುವುದು, ಕೊನೆಗೆ ಸೋಲುವುದು. ಸೋಲುವುದೆಂದರೆ ಸುಮ್ಮನೆ ಆಯಿತೇ? ಎದುರಾಳಿ ಎತ್ತಿದಂತೆ ಕಾಣಬೇಕಾದರೆ ಇವನು ತಾನೇ ಹಾರಿಕೊಡಬೇಕು. ಬಿದ್ದ ಸದ್ದಿಗೆ ಕೊನೆಯ ಸಾಲಿನವನೂ ಬೆಚ್ಚಬೇಕು, ಕತ್ತು ಮಾತ್ರ ಮುರಿಯಬಾರದು. ರಕ್ತ ಬೇಕೆಂದ ದಿನ ಬೆರಳಿನ ಪಟ್ಟಿಯೊಳಗೆ ಅಡಗಿಸಿದ ಬ್ಲೇಡಿನ ಚೂರಿನಿಂದ ಹಣೆಯನ್ನು ತಾನೇ ಗೀರಿಕೊಳ್ಳಬೇಕು. ಅವನ ಹಣೆ ಈಗ ತರಕಾರಿ ಹೆಚ್ಚುವ ಹಲಗೆಯ ಹಾಗಿದೆ. ಒಂದು ಮಂಡಿ ಮಡಚುವುದೇ ಇಲ್ಲ.

ಅವನು ರಿಂಗಿನಲ್ಲಿ ತಿಂದದ್ದರ ಜೊತೆಗೆ ಇವಳು ಬೀದಿಯಲ್ಲಿ ತಿಂದದ್ದೂ ಉಂಟು. ಚೇಳಿನ ಹೆಂಡತಿ ಎಂದು ಗೊತ್ತಾದರೆ ಅಂಗಡಿಯವನು ಕೊಳೆತ ಈರುಳ್ಳಿ ತೂಗಿ ಕೊಡುತ್ತಿದ್ದ. ಬಸ್ಸಿನಲ್ಲಿ ಒಬ್ಬ ಮುದುಕಿ, "ಆ ಪಾಪಿಗೆ ಬೇಯಿಸಿ ಹಾಕ್ತೀಯಲ್ಲೇ, ನಿನ್ನ ಕೈಗೆ ಏನಾಗಿದೆ?" ಎಂದು ಛತ್ರಿಯಲ್ಲಿ ತಿವಿದಿದ್ದಳು. ಎಲ್ಲ ಮೊದಲೇ ಗೊತ್ತುಮಾಡಿದ ಆಟ ಕಣಮ್ಮ ಎಂದು ಹೇಳುವಂತಿರಲಿಲ್ಲ. ಹೇಳಿದರೆ ಕಂಪನಿಯ ಬಾಗಿಲು ಮುಚ್ಚಿದಂತೆ. ಅವಳು ತುಟಿ ಕಚ್ಚಿಕೊಂಡು ಬಸ್ಸಿಳಿದಿದ್ದಳು.

ಅದೂ ಹೋಗಲಿ. ಪ್ರತಿ ಭಾನುವಾರ ಚೇಳನ್ನು ಚಚ್ಚಿ ಹಾಕುತ್ತಿದ್ದ ನಾಯಕ ಬೆಳ್ಳಿಗಿಡುಗ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ. ಅವನನ್ನು ಕಂಪನಿಗೆ ಸೇರಿಸಿದವನು, ಹಿತ್ತಲಲ್ಲಿ ಹಳೆಯ ಹಾಸಿಗೆ ಹಾಸಿ ಬೀಳುವುದನ್ನು ಕಲಿಸಿದವನು ಭಾವನೇ. ಹುಡುಗನ ರೂಪ ನೋಡಿ ಕಂಪನಿಯ ಯಜಮಾನರು ಅವನನ್ನು ನಾಯಕ ಮಾಡಿದರು. ಅವರದೊಂದು ಕಟ್ಟುನಿಟ್ಟು ಇತ್ತು. ರಿಂಗಿನೊಳಗಿನ ಶತ್ರುಗಳು ಹೊರಗೂ ಶತ್ರುಗಳೇ. ನಂಟು ಹೊರಬಿದ್ದರೆ, ಒಟ್ಟಿಗೆ ಕಣ್ಣಿಗೆ ಬಿದ್ದರೂ ಸಾಕು, ಇಬ್ಬರಿಗೂ ಕೆಲಸವಿಲ್ಲ. ಬೇರೆ ವ್ಯಾನು, ಬೇರೆ ವಸತಿ, ಬೇರೆ ಊಟದ ಮೇಜು. ತಮ್ಮನ ಮದುವೆಗೆ ಅಕ್ಕ ಹೋಗಲಿಲ್ಲ. ಅಮ್ಮ ತಮ್ಮನ ಮನೆಯಲ್ಲಿದ್ದಳು. ತಾಯಿ ಮಗಳು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ, ರೋಗವಿಲ್ಲದಿದ್ದರೂ ಚೀಟಿ ಮಾಡಿಸಿ, ಪಕ್ಕಪಕ್ಕ ಕೂತು ಮಾತಾಡಿಕೊಳ್ಳುತ್ತಿದ್ದರು. ಸರದಿ ಬಂದರೆ ಹಿಂದಿನವರಿಗೆ ಬಿಟ್ಟುಕೊಡುತ್ತಿದ್ದರು.

ಆಮೇಲೆ ಅಮ್ಮನಿಗೆ ನಿಜವಾಗಿ ರೋಗ ಬಂತು. ಹಾಸಿಗೆ ಹಿಡಿದಳು. ಭಾನುವಾರದ ದೊಡ್ಡ ಪಂದ್ಯ ಮುಗಿಯಲಿ, ಸೋಮವಾರ ಹೇಗಾದರೂ ಹೋದರಾಯಿತು ಎಂದ ಗಂಡ. ಶುಕ್ರವಾರ ಅವಳಿಗೆ ತಡೆಯಲಾಗಲಿಲ್ಲ. ಏನಾದರೂ ಆಗಲಿ ಎಂದು ಮಧ್ಯಾಹ್ನವೇ ಹೋದಳು. ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದ. ಪಕ್ಕದಲ್ಲಿ ಪತ್ರಿಕೆಯ ಫೋಟೋದವನು. "ಚೇಳಿನ ಮನೆಯವರಿಗೆ ಈ ಹೊಸಿಲಲ್ಲಿ ಏನು ಕೆಲಸ?" ಎಂದು ಬೀದಿಗೆಲ್ಲ ಕೇಳುವಂತೆ ಅರಚಿ ತಮ್ಮ ಅವಳನ್ನು ತಳ್ಳಿದ. ಅಮ್ಮಾ ಎಂದು ಕೂಗಿ ಮೂರು ಮೆಟ್ಟಿಲು ಉರುಳಿದಳು. ಶನಿವಾರ ಪತ್ರಿಕೆಯಲ್ಲಿ ಚಿತ್ರ ಬಂತು. ಶನಿವಾರವೇ ಸಂಜೆ ಅಮ್ಮ ಹೋದಳು. ಭಾನುವಾರ ಕುಸ್ತಿಯ ಹಾಲ್‌ನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಆ ದಿನದಿಂದ ಅವಳು ತಮ್ಮನನ್ನು ದ್ವೇಷಿಸಿದಳು. ಉಂಡಾಗ, ಮಲಗಿದಾಗ, ಗುಂಡಿ ಹೊಲಿಯುವಾಗ ದ್ವೇಷಿಸಿದಳು. ಗಂಡ ತಲೆ ಸವರಿ, "ಅಂಥವನ ಹೆಸರು ಈ ಮನೇಲಿ ಬೇಡ," ಎಂದಿದ್ದ. ತನ್ನ ನೋವು ಅರಿತ ಮನುಷ್ಯ ಇವನೊಬ್ಬನಾದರೂ ಇದ್ದಾನಲ್ಲ ಎಂದುಕೊಂಡಿದ್ದಳು.

ಹನ್ನೊಂದಕ್ಕೆ ಸರಿಯಾಗಿ ತಮ್ಮ ಬಂದ. ಕೂದಲಿಗೆ ಬಣ್ಣ, ಹೊಟ್ಟೆ ಒಳಗೆಳೆದುಕೊಂಡ ನಡಿಗೆ, ಕಂಕುಳಲ್ಲಿ ಸುತ್ತಿದ ಕಾಗದ.

"ಅಕ್ಕಾ, ಹೇಗಿದ್ದೀಯ?"

"ಬದುಕಿದ್ದೀನಿ. ಬಂದ ಕೆಲಸ ಒದರು."

ಅವನು ಕೂರು ಅನ್ನಿಸಿಕೊಳ್ಳದೆಯೇ ಕೂತ. "ನಂಗೆ ಕುಸ್ತಿ ಸಂಘದವ್ರು ಸನ್ಮಾನ ಇಟ್ಕೊಂಡಿದಾರೆ. ಕೊನೇಲಿ ಭಾವ ವೇದಿಕೆಗೆ ಬಂದು ನನ್ನ ಅಪ್ಕೋಬೇಕು. ನೀನು ಮಧ್ಯ ನಿಂತು ಇಬ್ಬರ ಕೈ ಕೂಡಿಸ್ಬೇಕು. ನಾವು ಶತ್ರುಗಳಲ್ಲ, ಒಂದೇ ಮನೆಯವ್ರು ಅಂತ ಅವತ್ತೇ ಜನಕ್ಕೆ ಹೇಳೋದು. ಅಕ್ಕ ಇಲ್ದೆ ಸನ್ಮಾನಾನೇ ಇಲ್ಲ ಅಂತಿದಾರೆ."

"ಇವ್ರು ಏನಂದ್ರು?"

"ಭಾವ ಆಗ್ಲೇ ಒಪ್ಪಿದಾರೆ."

ಅವಳು ಗಂಡನ ಕಡೆ ನೋಡಿದಳು. ಗಂಡ ತನ್ನ ಮಂಡಿ ನೋಡಿಕೊಂಡ.

ತಮ್ಮ ಕಾಗದ ಬಿಚ್ಚಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ. ಸನ್ಮಾನದ ಭಿತ್ತಿಪತ್ರ. ಮಧ್ಯದಲ್ಲಿ ಅವಳೇ. ಮೆಟ್ಟಿಲ ಕೆಳಗೆ ಬಿದ್ದಿದ್ದಾಳೆ, ಒಂದು ಕೈ ಮೇಲೆತ್ತಿದೆ, ಬಾಯಿ ತೆರೆದಿದೆ. ಮೈಯೆಲ್ಲ ಉರಿದುಹೋಯಿತು ಅವಳಿಗೆ.

"ಥೂ ನಿನ್ನ! ಅಮ್ಮನ ಸಾವನ್ನ ಗೋಡೆಗೆ ಅಂಟಿಸ್ತೀಯೇನೋ? ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದ್ಯಾ?"

"ಜನ ಕಣ್ಣೀರಿಡ್ತಾರೆ ಅಕ್ಕ, ಅದಕ್ಕೇ..."

ಅವನ ಮಾತು ಅವಳ ಕಿವಿಗೆ ಬೀಳಲಿಲ್ಲ. ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು ಆ ಚಿತ್ರದಲ್ಲಿ ನೆಟ್ಟಿತ್ತು. ಪತ್ರಿಕೆಯಲ್ಲಿ ಬಂದ ಚಿತ್ರ ಮಸಿ ಮಸಿಯಾಗಿತ್ತು. ಒಲೆಗೆ ಹಾಕುವ ಮೊದಲು ಅವಳು ಅದನ್ನು ನೂರು ಸಲ ನೋಡಿದ್ದಳು. ಇದರಲ್ಲಿ ಕಿತ್ತ ಚಪ್ಪಲಿಯ ಉಂಗುಷ್ಟ ಕೂಡ ಕಾಣುತ್ತಿತ್ತು. ಇದು ಪತ್ರಿಕೆಯಿಂದ ಕತ್ತರಿಸಿದ್ದಲ್ಲ, ಫೋಟೋದವನು ತೊಳೆದು ಕೊಟ್ಟ ಅಸಲು ಚಿತ್ರ.

"ಇದು ಎಲ್ಲಿತ್ತು?"

"ಭಾವ ಕೊಟ್ರು."

ಗಂಡ, "ಅದೂ... ಹಳೇ ಪೆಟ್ಟಿಗೇಲಿ..." ಎಂದು ಏನೋ ಗೊಣಗಿದ.

"ನನ್ನೊಬ್ಬನ್ನೇ ಯಾಕಕ್ಕ ಬೈತೀಯ?" ತಮ್ಮನಿಗೂ ಸಿಟ್ಟು ಬಂದಿತ್ತು. "ಅವತ್ತು ಹನ್ನೆರಡು ಗಂಟೆಗೇ ಯಜಮಾನರ ಆಳು ಫೋಟೋದವನನ್ನ ಕರ್ಕೊಂಡು ಬಂದ. ನನ್ನ ಪಕ್ಕಕ್ಕೆ ಕರೆದು, ನಿಮ್ಮಕ್ಕ ಎರಡು ಗಂಟೆಗೆ ಬರ್ತಾಳೆ, ಒಳಗೆ ಬಿಡ್ಬೇಡ, ಬೀದಿಗೆ ಕೇಳೋ ಹಾಗೆ ಕೂಗು ಅಂದ. ನೀನು ಬರೋದು ನಂಗೆ ಹೇಗೆ ಗೊತ್ತಿರ್ಬೇಕು? ನೀನು ಯಾರಿಗೆ ಹೇಳಿದ್ದೆ?"

ಅವಳು ಒಬ್ಬರಿಗೇ ಹೇಳಿದ್ದಳು. ಅವತ್ತು ಬೆಳಗ್ಗೆ, ಗಂಡನ ಮಂಡಿಗೆ ಎಣ್ಣೆ ತಿಕ್ಕುತ್ತಾ, ಎರಡು ಗಂಟೆಗೆ ಹೋಗಿ ನಾಲ್ಕಕ್ಕೆ ಬಂದುಬಿಡ್ತೀನಿ ರೀ ಎಂದು ಹೇಳಿದ್ದಳು. ಹುಷಾರಾಗಿ ಹೋಗಿ ಬಾ ಎಂದಿದ್ದ.

"ಹೌದೇನ್ರೀ?"

ರಿಂಗಿನಲ್ಲಿ ನೋವಿಲ್ಲದಾಗಲೂ ಊರೇ ಹೌಹಾರುವಂತೆ ಚೀರುತ್ತಿದ್ದವನ ಗಂಟಲಿನಿಂದ ಈಗ ಸಣ್ಣ ದನಿ ಹೊರಟಿತು. "ಆಗೆಲ್ಲ ಹಾಲ್ ಅರ್ಧ ಖಾಲಿ ಇರ್ತಿತ್ತು ಕಣೆ. ಕಂಪನಿ ಮುಚ್ತೀನಿ ಅಂತಿದ್ರು ಯಜಮಾನ್ರು. ಏನಾದ್ರೂ ದಾರಿ ಇದ್ಯಾ ಅಂತ ಕೇಳಿದ್ರು, ಹೇಳ್ಬಿಟ್ಟೆ. ಸೋಮವಾರ ನಾನೇ ಕರ್ಕೊಂಡು ಹೋಗ್ತಿದ್ದೆ ನಿನ್ನ. ಸೋಮವಾರದ ತನಕ ಇರ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ಯಾ?"

"ಡಾಕ್ಟ್ರು ಇನ್ನೊಂದು ವಾರ ಅಂದಿದ್ರು..."

"ಮುಚ್ಚು ಬಾಯಿ." ಅವಳು ತಮ್ಮನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಈಗ ಹೊರಗೆ ಬಂತು. "ನಾನು ಕೂಗಿದ್ದು ಅಮ್ಮಂಗೆ ಕೇಳಿಸ್ತಾ?"

ತಮ್ಮ ಹೊಟ್ಟೆ ಎಳೆದುಕೊಳ್ಳುವುದನ್ನು ಮರೆತಿದ್ದ. "ಕೇಳಿಸ್ತು. ಮಗಳು ಬಂದ್ಲಾ ಅಂದ್ಲು."

"ನೀನೇನಂದೆ?"

"ಫೋಟೋದವನು ಇನ್ನೂ ಹಜಾರದಲ್ಲೇ ನೀರು ಕುಡೀತಿದ್ದ ಅಕ್ಕ. ಅಕ್ಕ ಅನ್ನೋ ಹಾಗಿರ್ಲಿಲ್ಲ. ಇಲ್ಲ ಅಮ್ಮ, ಯಾರೋ ಜನ ಗಲಾಟೆ ಮಾಡ್ತಿದಾರೆ ಅಂದೆ. ಅವಳು ಬರ್ಲೇ ಇಲ್ಲ ಅಂತಾಯ್ತು, ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಬರ್ತೀನಿ ಕಣೋ ನಿನ್ನ ಸನ್ಮಾನಕ್ಕೆ. ಮೈಕು ನನ್ನ ಕೈಗೆ ಕೊಡು. ನೀವಿಬ್ರೂ ಸೇರಿ ಮಾಡಿದ್ದನ್ನ ಒಂದಕ್ಷರ ಬಿಡದೆ ಹೇಳ್ತೀನಿ."

ತಮ್ಮ ಹೆದರಲಿಲ್ಲ. ಅವನ ಮುಖದಲ್ಲಿ ಒಂದು ಥರದ ಕನಿಕರ ಇತ್ತು. "ಹೇಳಕ್ಕ. ಆಟದಲ್ಲಿ ಇದೂ ಇದೆ ಅಂದ್ಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ತಾರೆ."

ಅವನು ಹೇಳಿದ್ದು ಸುಳ್ಳಲ್ಲ, ಅವಳಿಗೂ ಗೊತ್ತಾಯಿತು. ಅವಳು ಎಷ್ಟು ಅತ್ತರೂ ಅದು ಟಿಕೆಟ್ಟು ಕೊಂಡವರ ಪಾಲು. ಈ ಇಬ್ಬರೂ ಅವಳಿಗೆ ನಿಜವಾದ ಒಂದು ಕೂಗನ್ನೂ ಉಳಿಸಿರಲಿಲ್ಲ.

ಅವಳು ಭಿತ್ತಿಪತ್ರವನ್ನು ಸುತ್ತಿ ತಮ್ಮನ ಎದೆಗೆ ಒತ್ತಿದಳು. ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಮಂಡಿ ಮಡಚಲಾರದವನು ಎದ್ದ, ನೂರಾರು ಸಲ ಎತ್ತಿ ಎಸೆಸಿಕೊಂಡ ಮೈ ಅಷ್ಟು ಹಗುರವಾಗಿ ಬಂತು. ಇಬ್ಬರನ್ನೂ ಬಾಗಿಲಾಚೆ ದಾಟಿಸಿದಳು.

"ಏನೇ ಇದು? ನಾನೆಲ್ಲಿಗೆ ಹೋಗ್ಲಿ?"

"ಅಪ್ಪಿಕೊಂಡು ನಿಂತ್ಕೊ ಹೋಗು ಅವನ್ನ."

ಬಾಗಿಲು ಹಾಕಿ ಅಗುಳಿ ಜಡಿದಳು. ಹೊರಗೆ ಉರಿ ಬಿಸಿಲು, ಬೀದಿ ತುಂಬ ಓಡಾಟ. ಎದುರು ಮನೆಯ ಕಿಟಕಿ ತೆರೆದ ಸದ್ದಾಯಿತು. ಯಾರೋ, "ಅಯ್ಯೋ, ಚೇಳು ಬೆಳ್ಳಿಗಿಡುಗ ಇಬ್ರೂ ಅಲ್ವಾ?" ಎಂದರು. ಗಂಡ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಬಾಗ್ಲು ತೆಗಿಯೇ. ಜನ ನೋಡ್ತಿದಾರೆ."

ಅವಳು ತೆಗೆಯಲಿಲ್ಲ. ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತುಬಿಟ್ಟಳು. ಅವನು ಬಡಿಯುತ್ತಲೇ ಇದ್ದ. ಖಾಲಿ ಕೋಣೆಯಲ್ಲಿ ಅವಳು, ಕಿವಿ ಮಂದವಾದವರಿಗೆ ಹೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಹೇಳಿದಳು.

"ಬಂದಿದ್ದೆ ಅಮ್ಮಾ. ನಾನು ಬಂದಿದ್ದೆ."