ಸೊಸೆ ತಿದ್ದಿದ ಸಾಲು

ತಾವು ಬರೆದ ತಂತ್ರಾಂಶಕ್ಕೆ ಸೊಸೆ ಕಳಿಸಿದ್ದ ತಿದ್ದುಪಡಿಯನ್ನು ಅತ್ತೆ ಮೂರನೇ ಸಲ ಓದಿದರು. ಒಂದೇ ಸಾಲು. ಅದರ ಕೆಳಗೆ, ಜಗತ್ತೇ ನೋಡಬಹುದಾದ ಪುಟದಲ್ಲಿ, ಹತ್ತೊಂಬತ್ತು ಜನ ಮೆಚ್ಚುಗೆ ಒತ್ತಿದ್ದರು. ಕಳಿಸಿದವಳು ಪಕ್ಕದ ಕೋಣೆಯಲ್ಲೇ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

ಆ ತಂತ್ರಾಂಶ ಅತ್ತೆಯ ಹನ್ನೆರಡು ವರ್ಷದ ದುಡಿಮೆ. ವಿಮಾ ಕಂಪನಿಯಿಂದ ನಿವೃತ್ತರಾದ ಮೇಲೆ ಬರೆಯಲು ಕೂತು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಪುಕ್ಕಟೆ ಬಿಟ್ಟಿದ್ದರು. ಇಂದು ಆದ ಅಪಘಾತಕ್ಕೆ ಪರಿಹಾರ ಕೇಳಿ ಜನ ಬರುವುದು ನಾಳೆಯೋ, ನಾಲ್ಕು ವರ್ಷಕ್ಕೋ. ಅದಕ್ಕಾಗಿ ಕಂಪನಿ ಎಷ್ಟು ಹಣ ಎತ್ತಿಡಬೇಕು ಎಂಬುದನ್ನು ಹಿಂದಿನ ವರ್ಷಗಳ ಲೆಕ್ಕದಿಂದ ಅದು ಅಂದಾಜು ಮಾಡುತ್ತಿತ್ತು. ಇನ್ನೂ ನಡೆಯುತ್ತಿರುವ ವರ್ಷವನ್ನೂ ಮುಗಿದ ವರ್ಷವೆಂದೇ ಸರಾಸರಿಗೆ ಸೇರಿಸುತ್ತಿದೆ, ಹಾಗಾಗಿ ಎತ್ತಿಡುವ ಮೊತ್ತ ಕಡಿಮೆ ಬರುತ್ತಿದೆ ಎಂದು ಸೊಸೆ ಬರೆದಿದ್ದಳು. ಅವಳೂ ಇನ್ನೊಂದು ವಿಮಾ ಕಂಪನಿಯಲ್ಲಿ ಇದೇ ಲೆಕ್ಕದ ಕೆಲಸದವಳು; ಅಲ್ಲಿ ಬಳಸುತ್ತಿದ್ದದ್ದೂ ಅತ್ತೆಯ ತಂತ್ರಾಂಶವನ್ನೇ.

ಯಾರು ಬೇಕಾದರೂ ತಿದ್ದಲಿ ಎಂದಾಗ ಅತ್ತೆಯ ಮನಸ್ಸಿನಲ್ಲಿದ್ದದ್ದು ದೂರದ ಯಾರೋ.

ನಾಲ್ಕು ದಿನ ಅವರು ಸೊಸೆಯ ಸಾಲಿನಲ್ಲಿ ಹುಳುಕು ಹುಡುಕಿದರು. ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಎಚ್ಚರಿಕೆ ಎಂದು ಅದಕ್ಕೆ ಹೆಸರಿಟ್ಟುಕೊಂಡರು. ಹಳೆಯ ಕೋಷ್ಟಕ ತೆಗೆದು ಪೆನ್ಸಿಲಿನಲ್ಲಿ ಕೂಡಿದರು, ಭಾಗಿಸಿದರು. ಸೊಸೆಯ ಉತ್ತರವೇ ಬಂತು. ಅಂಕಿಯ ಜಾಗದಲ್ಲಿ ಸೊನ್ನೆ ಕೊಟ್ಟು ನೋಡಿದರು, ಖಾಲಿ ಬಿಟ್ಟು ನೋಡಿದರು. ಆ ಸಾಲು ಜಗ್ಗಲಿಲ್ಲ. ಕೊನೆಗೆ ಒಂದು ಅಲ್ಪವಿರಾಮದ ನಂತರ ಜಾಗ ಬಿಟ್ಟಿಲ್ಲ ಎಂಬುದು ಸಿಕ್ಕಿತು. ಅದನ್ನೇ ಬರೆದು ವಾಪಸು ಕಳಿಸಿದರು. ಎರಡು ನಿಮಿಷದಲ್ಲಿ ಸರಿಯಾಗಿ ಬಂತು, ಜೊತೆಗೊಂದು ಧನ್ಯವಾದ.

ಊಟಕ್ಕೆ ಕೂತಾಗ ಮಗ, ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅತ್ತೆ ಒಡೆದದ್ದಕ್ಕೆ ಸೊಸೆ ಬೆಸುಗೆ ಹಾಕುತ್ತಾಳೆ ಎಂದು ನಕ್ಕ. ಅವನೊಬ್ಬನೇ ನಕ್ಕ.

ಐದನೇ ದಿನ ಆ ಪುಟದಲ್ಲಿ ಅತ್ತೆಯ ಹಳೆಯ ಮೇಲಧಿಕಾರಿಯ ಮಾತು ಕಂಡಿತು. ಇಪ್ಪತ್ತಾರು ವರ್ಷ ಅವರನ್ನು ಕೈಕೆಳಗೆ ದುಡಿಸಿಕೊಂಡು ಒಂದೇ ಒಂದು ಒಳ್ಳೆಯ ಮಾತನ್ನೂ ಆಡದಿದ್ದ ಆತ, ಇಂಥ ಕಣ್ಣು ಸಾವಿರಕ್ಕೊಬ್ಬರಿಗೆ ಎಂದು ಸೊಸೆಗೆ ಬರೆದಿದ್ದ.  ಅತ್ತೆ ಎದ್ದು ಹೋಗಿ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತರು.

"ಒಂದೇ ಸೂರಿನಡಿ ಇದ್ದೀವಿ. ನನಗೆ ಬಾಯಲ್ಲಿ ಹೇಳಬಹುದಿತ್ತಲ್ಲ? ಊರಿಗೆಲ್ಲ ಡಂಗುರ ಸಾರಬೇಕಿತ್ತಾ?"

ಸೊಸೆ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಎರಡು ಸಲ ಹೇಳಿದೆ ಅತ್ತೆ. ಮೊದಲನೇ ಸಲ, ನಿಮ್ಮ ಕಂಪನಿ ಅಂಕಿನೇ ತಪ್ಪಿರುತ್ತೆ ನೋಡು ಅಂದ್ರಿ. ಎರಡನೇ ಸಲ ಟೀವಿ ಸದ್ದು ಜೋರು ಮಾಡಿದ್ರಿ."

ಎರಡೂ ಅತ್ತೆಗೆ ನೆನಪಿತ್ತು.

"ಆಫೀಸಲ್ಲಿ ಈಗ ನನ್ನನ್ನೇ ಕೇಳ್ತಿದ್ದಾರೆ," ಎಂದಳು ಸೊಸೆ, ದನಿ ತಗ್ಗಿಸಿ. "ಮೂರು ವರ್ಷದ ವರದಿಗೆ ಸಹಿ ಹಾಕಿದವಳು ನಾನು. ಬೇರೆಯವರದ್ದಾಗಿದ್ರೆ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡಿರ್ತಿದ್ದೆ. ನಿಮ್ಮದು ಅಂತ ನೋಡಲೇ ಇಲ್ಲ."

ಅತ್ತೆ ತಮ್ಮ ಕೋಣೆಗೆ ಬಂದರು. ಹೊಟ್ಟೆಕಿಚ್ಚು ಆರಿರಲಿಲ್ಲ. ಆದರೂ ತಿದ್ದುಪಡಿಯನ್ನು ಒಪ್ಪಿ ಸೇರಿಸಿದರು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಬರೆದರು: ಮೂರು ವರ್ಷದ ಹಿಂದೆ ನಾನು ಮಾಡಿದ ಬದಲಾವಣೆಯಿಂದ ಈ ತಪ್ಪು ಬಂತು. ತಪ್ಪು ನನ್ನದು, ಬಳಸಿದವರದ್ದಲ್ಲ. ಕಂಡುಹಿಡಿದು ತಿದ್ದಿದವಳು ನನ್ನ ಸೊಸೆ.

ಕೊನೆಯ ಎರಡು ಪದಗಳ ಮೇಲೆ ಕಣ್ಣು ನಿಂತಿತು. ಓದಿದವರು ಇವರ ಮನೆಯವಳು, ಇವರ ಕೈಯಲ್ಲೇ ಪಳಗಿದವಳು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದೇ ಬರೆದದ್ದು. ಆಮೇಲೆ ಆ ಎರಡನ್ನೂ ಅಳಿಸಿ ಅವಳ ಹೆಸರು ಹಾಕಿದರು. ಕಾಗುಣಿತ ಸರಿಯಿದೆಯೇ ಎಂದು ನೋಡಿ ಪ್ರಕಟಿಸಿದರು.

ಗೋಡೆಯಾಚೆ ಸೊಸೆಯ ಫೋನು ಟಿಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ, ಮಗದೊಮ್ಮೆ. ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಷ್ಟು ಸಲ ಎಂದು ಎಣಿಸುತ್ತಾ ಕೂತರು.